ಎಡಗೈಗೊಂದು ಕವೆಗೋಲು

ಬಳ್ಳಾರಿ ಬ್ರೂಸ್‌ಪೇಟೆಯ ಅಂಗಡಿಯಲ್ಲಿ ನೇತುಹಾಕಿದ್ದ ಆ ಗಿಟಾರನ್ನು ಕೊಳ್ಳಬೇಕೋ ಬೇಡವೋ ಎಂದು ನಾನು ಹದಿನೈದು ದಿನ ತಲೆ ಕೆಡಿಸಿಕೊಂಡೆ. ಆ ಹದಿನೈದು ದಿನದಲ್ಲಿ ನನ್ನಿಂದ ಬೈಸಿಕೊಳ್ಳದೆ ಉಳಿದವರು ಕಡಿಮೆ. ಅದೇನು ಚಿನ್ನದ್ದಲ್ಲ. ಕಪ್ಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್, ಆಕಾರ ಮಾತ್ರ ಬೇರೆ. ಉಳಿದ ಗಿಟಾರುಗಳಿಗಿರುವ ಸೊಂಟ, ಹೊಟ್ಟೆ ಅದಕ್ಕಿರಲಿಲ್ಲ. ಕುತ್ತಿಗೆ ಮುಗಿದಲ್ಲಿ ಮರ ಎರಡು ಕವಲಾಗಿ ಸೀಳಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡೂ ಕಡೆ ಚಾಚಿಕೊಂಡಿತ್ತು. ನಮ್ಮ ಮಾವ, ಅಂದರೆ ಅವ್ವನ ತಮ್ಮ, ಮೊಬೈಲಿನಲ್ಲಿ ಅದರ ಫೋಟೋ ನೋಡಿದವನೇ ಮುಳ್ಳುಬೇಲಿ ಸರಿಸುವ ಕವೆಗೋಲು ಇದು ಅಂದುಬಿಟ್ಟ. ಅವನು ನಕ್ಕ, ತಂಡದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಾವನದು ಬಳ್ಳಾರಿಯಲ್ಲಿ ಒಂದು ಆರ್ಕೆಸ್ಟ್ರಾ. ಮದುವೆ, ಆರತಕ್ಷತೆ, ಗಣೇಶನ ಪೆಂಡಾಲು, ಎಲ್ಲಿಗೆ ಕರೆದರೂ ಹೋಗುತ್ತೇವೆ. ಹಗಲು ನಾನು ಜೀನ್ಸ್ ಪ್ಯಾಂಟು ಹೊಲಿಯುವ ಗಾರ್ಮೆಂಟಿನಲ್ಲಿ ಬಟ್ಟೆ ಕತ್ತರಿಸುವವಳು, ಕಾರ್ಯಕ್ರಮವಿದ್ದ ಸಂಜೆ ಗಿಟಾರ್ ಬಾರಿಸುವವಳು. ಹದಿನೆಂಟು ವರ್ಷದಿಂದ ಬಾರಿಸುತ್ತಿದ್ದೇನೆ, ಹದಿನೆಂಟು ವರ್ಷವೂ ಉಲ್ಟಾ ಬಾರಿಸಿದ್ದೇನೆ. ಯಾಕೆಂದರೆ ನಾನು ರೊಡ್ಡಿ. ಎಡಗೈಯವರಿಗೆ ನಮ್ಮ ಕಡೆ ಇರುವ ಹೆಸರು ಅದು. ಗಂಡಸಾದರೆ ರೊಡ್ಡ, ಹೆಂಗಸಾದರೆ ರೊಡ್ಡಿ. ನನಗೆ ಅಪ್ಪ ಅವ್ವ ಇಟ್ಟ ಹೆಸರೊಂದಿದೆ, ಅದನ್ನು ಕರೆದವರಿಗಿಂತ ಇದನ್ನು ಕರೆದವರೇ ಹೆಚ್ಚು.

ಅಂಗಡಿಗಳಲ್ಲಿ ಇರುವುದೆಲ್ಲ ಬಲಗೈಯವರ ಗಿಟಾರು. ಎಡಗೈಯದು ಬೇಕೆಂದರೆ ತರಿಸಬೇಕ್ರಿ ಅನ್ನುತ್ತಾರೆ, ತರಿಸುವುದಿಲ್ಲ. ಹಾಗಾಗಿ ಬಲಗೈಯದನ್ನೇ ತಿರುವಿ ಹಿಡಿದು, ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ ಮಾಡಿಕೊಂಡು ನನ್ನಷ್ಟಕ್ಕೆ ನಾನೇ ಕಲಿತೆ. ತಿರುವಿ ಹಿಡಿದಾಗ ಗುಂಡಿಗಳೆಲ್ಲ ಮೊಳಕೈಗೆ ಬಡಿಯುತ್ತವೆ, ಹಾಡಿನ ನಡುವೆ ಧ್ವನಿ ತಾನಾಗಿ ಇಳಿದುಹೋಗುತ್ತದೆ. ಮೇಲಿನ ಸ್ವರಗಳಿಗೆ ಬೆರಳು ಹೋಗಲೆಂದು ಕೆಳಗಡೆ ಮರ ಕೊರೆದಿರುತ್ತಾರಲ್ಲ, ಆ ಕೊರೆತ ನನಗೆ ಮೇಲಕ್ಕೆ ಬರುತ್ತದೆ. ಕೆಳಗೆ ಮರ ಅಡ್ಡ. ಹದಿನೆಂಟು ವರ್ಷ ನನ್ನ ಬೆರಳುಗಳು ಆ ಮರಕ್ಕೆ ಗುದ್ದಿಕೊಂಡೇ ವಾಪಸು ಬಂದಿವೆ. ಈ ಕವಲಿನ ಗಿಟಾರಿಗೆ ಆ ಕಾಟ ಇರಲಿಲ್ಲ. ಎರಡು ಕವಲೂ ಒಂದೇ ಅಳತೆ, ಹೇಗೆ ತಿರುವಿದರೂ ಅದೇ ಗಿಟಾರು. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿದೆ. ಬೆರಳು ಕೊನೆಯ ಸ್ವರದವರೆಗೂ ಸಲೀಸಾಗಿ ಹೋಯಿತು. ನನಗೆ ಅಲ್ಲೇ ಅಳು ಬಂತು, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

ಒಂದೇ ತೊಡಕು. ಅದನ್ನು ಕೂತು ಬಾರಿಸಲು ಬರುವುದಿಲ್ಲ. ಕವಲಿನೊಳಗೆ ತೊಡೆ ಸಿಕ್ಕಿಸಿ ಕೂರಬಹುದು ಎಂದು ಅಂಗಡಿಯವನು ತೋರಿಸಿಕೊಟ್ಟ. ಪುಣ್ಯಾತ್ಮ, ಅವನು ಪ್ಯಾಂಟು ಹಾಕಿದ್ದ. ತಂಡದಲ್ಲಿ ಹೆಂಗಸರಿಗೆ ಮಾವ ಗೊತ್ತುಮಾಡಿದ್ದು ಜರಿ ಸೀರೆ, ಆ ಸೀರೆಯ ಮೇಲೆ ಗಿಟಾರು ಜಾರಿ ನೆಲಕ್ಕೇ. ಮತ್ತು ನಾನು ಯಾವತ್ತೂ ಕೂತೇ ಬಾರಿಸುವವಳು. ವೇದಿಕೆಯ ಹಿಂದೆ, ರಿದಂ ಪ್ಯಾಡಿನವನ ಬೆನ್ನಿಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮುಂದೆ ನಿಂತರೆ ನನ್ನ ಎಡಗೈ ಜನರ ಕಣ್ಣಿಗೆ ಹೊಡೆಯುತ್ತದೆ, ಶುಭಕಾರ್ಯದಲ್ಲಿ ಯಾಕೆ ಬೇಕು ಎಂದು ಮಾವ ಮೊದಲ ವರ್ಷವೇ ಹೇಳಿದ್ದ. ಈ ಗಿಟಾರು ಕೊಂಡರೆ ನಾನು ನಿಲ್ಲಲೇಬೇಕು, ನಿಂತರೆ ಹಿಂದೆ ಜಾಗವಿಲ್ಲ, ಮುಂದೆ ಬರಬೇಕು. ಮಾವ ಬೇಡ ಅಂದದ್ದು ಅದಕ್ಕೇ. ಕವೆಗೋಲು ಗಿವೆಗೋಲು ಎಲ್ಲ ನೆಪ. ದುಡ್ಡು ನನ್ನ ಹತ್ತಿರ ಇತ್ತು, ಆ ಮಾತು ಬಿಡಿ. ನಿಲ್ಲಲು ಧೈರ್ಯ ಇದೆಯೋ ಇಲ್ಲವೋ ಎಂದು ಹದಿನೈದು ದಿನ ನೋಡಿಕೊಂಡೆ.

ಧೈರ್ಯ ಎಲ್ಲಿಂದ ಬರಬೇಕು? ನನ್ನ ಎಡಗೈಯನ್ನು ನಾಲ್ಕನೇ ವಯಸ್ಸಿನಲ್ಲೇ ಕಟ್ಟಿಹಾಕಿದ್ದರು. ಅಪ್ಪ ಕುರುಗೋಡಿನಲ್ಲಿ ಸಾಲಿ ಮಾಸ್ತರ. ಬಳಪ ಎಡಗೈಗೆ ಹೋದ ಕೂಡಲೇ ಹಳೇ ಧೋತರದ ಮೆತ್ತನೆಯ ತುಂಡೊಂದನ್ನು ತಂದು, ಮೂರು ಸುತ್ತು ಸುತ್ತಿ, ನನ್ನ ಮಣಿಕಟ್ಟನ್ನು ಸೊಂಟದ ಉಡಿದಾರಕ್ಕೆ ಕಟ್ಟುತ್ತಿದ್ದ. ಊಟಕ್ಕೆ, ಬರೆಯಲಿಕ್ಕೆ, ಬಂದವರಿಗೆ ನೀರು ಕೊಡಲಿಕ್ಕೆ, ಎಲ್ಲಕ್ಕೂ ಬಲಗೈ. ನನಗೆ ಸಿಟ್ಟು ಬರುವುದು ಯಾಕೆಂದರೆ ಅಪ್ಪ ಅಂಥ ಮನುಷ್ಯ ಅಲ್ಲ. ದೀಕ್ಷೆ ತೆಗೆದುಕೊಂಡು ಬೌದ್ಧನಾದವನು. ಮನೆಯ ದೇವರ ಜಗಲಿಯನ್ನು ತಾನೇ ತೆಗೆಸಿಹಾಕಿದವನು, ಅಮಾವಾಸ್ಯೆಯ ದಿನವೇ ಮನೆಗೆ ಸುಣ್ಣ ಹೊಡೆಸಿದವನು, ರಾಹುಕಾಲದಲ್ಲಿ ನನ್ನ ತಮ್ಮನ ಮದುವೆ ಮಾಡಿದವನು. ಊರೆಲ್ಲ ಶಕುನ ಅಂದರೆ ನಗುತ್ತಿದ್ದವನಿಗೆ ನನ್ನ ಎಡಗೈ ಒಂದು ಮಾತ್ರ ಅಪಶಕುನ. ಅವನು ಸ್ವತಃ ಬರೆಯುವಾಗ ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೆತ್ತಿದ ಹಾಗೆ ನಿಧಾನ ಬರೆಯುತ್ತಿದ್ದ. ಹಾಗೇ ನಾನೂ ಬರೆಯಬೇಕು ಎಂದು ಅವನ ಹಟ.

ಭಾಷೆಯನ್ನಾದರೂ ನೋಡಿ. ಬಲ ಅಂದರೆ ಶಕ್ತಿಯೂ ಹೌದು. ಎಡ ಅಂದರೆ ಏನು? ಕೆಲಸ ಕೆಟ್ಟರೆ ಎಡವಟ್ಟು. ಕಾಲು ತಪ್ಪಿದರೆ ಎಡವಿದ. ಯಾವುದಕ್ಕೂ ಆಗದವನು ಎಡಬಿಡಂಗಿ. ಸಿಡಿಮಿಡಿ ಮಾಡಿದರೆ ಇವತ್ತು ಎಡಮಗ್ಗುಲಲ್ಲಿ ಎದ್ದಿಯೇನು ಎಂದು ಕೇಳುತ್ತಾರೆ. ಹೌದಪ್ಪ, ನಾನು ದಿನಾ ಎಡಮಗ್ಗುಲಲ್ಲೇ ಏಳುತ್ತೇನೆ, ಏನೀಗ.

ಇದನ್ನೆಲ್ಲ ಒಳಗಿಟ್ಟುಕೊಂಡೇ ಆ ಭಾನುವಾರ ಸಿರುಗುಪ್ಪದ ಆರತಕ್ಷತೆಗೆ ಹೋದೆ. ಅಕ್ಕಿ ಗಿರಣಿಯವರ ಮನೆಯ ಮದುವೆ, ಮಂಟಪದ ತುಂಬ ಜನ. ಒಂದು ಹಾಡಿನ ನಡುವೆ ನಾನೊಬ್ಬಳೇ ಬಾರಿಸುವ ತುಣುಕು ಬರುತ್ತದೆ. ಅವತ್ತು ಅದು ಚೆನ್ನಾಗಿ ಕೂತಿತು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ವೇದಿಕೆ ಹತ್ತಿ, ಹಾಡುವವರನ್ನು ದಾಟಿ, ವೈರು ದಾಟಿ, ಹಿಂದೆ ನನ್ನ ಕುರ್ಚಿಯ ತನಕ ಬಂದು ನೋಟು ಚಾಚಿದರು. ನಮ್ಮ ಕಡೆ ಹಾಡು ಹಿಡಿಸಿದರೆ ಹೀಗೆ ನೋಟು ಕೊಡುವುದುಂಟು. ಆದರೆ ಅದು ಯಾವತ್ತೂ ಹಾಡುವವರಿಗೆ. ನನ್ನ ತನಕ ಬಂದವರು ಅವರೇ ಮೊದಲು.

ಹಾಡು ನಡೆದೇ ಇತ್ತು. ನನ್ನ ಬಲಗೈ ಗಿಟಾರಿನ ಕುತ್ತಿಗೆಯ ಮೇಲೆ, ತಂತಿ ಒತ್ತಿಕೊಂಡು. ಬಿಟ್ಟರೆ ಹಾಡು ನಿಲ್ಲುತ್ತದೆ. ತಂತಿ ಮೀಟುವ ಎಡಗೈ ಒಂದು ಕ್ಷಣ ಬಿಡುವಾಗಿತ್ತು, ಅದನ್ನು ಚಾಚಿದೆ. ಬಲಗೈಯವರು ಬಾರಿಸುವಾಗ ಮೀಟುವುದು ಬಲಗೈ, ನೋಟು ಹಿಡಿಯುವುದೂ ಅದೇ, ಅವರಿಗೆ ಈ ಪೇಚು ಬರುವುದೇ ಇಲ್ಲ. ಹಿರಿಯರು ನೋಟು ಹಿಂದಕ್ಕೆ ಎಳೆದುಕೊಂಡರು.

“ಶುಭಕಾರ್ಯದಾಗ ಎಡಗೈ ಚಾಚ್ತಾಳಲ್ಲ ಈಕಿ. ಇವರಿಗೆ ರೀತಿ ರಿವಾಜು ಗೊತ್ತಿಲ್ಲೇನು?”

ಮಾವ ಹಾಡು ನಿಲ್ಲಿಸಿ ಓಡಿ ಬಂದ. ಅವರಿಗೆ ಕೈ ಮುಗಿದ, ತಪ್ಪಾತ್ರಿ ಅಂದ. ನನ್ನ ಗಿಟಾರನ್ನು ಕೆಳಗೆ ಇಡಿಸಿದ. ನಾನು ಎದ್ದು ನಿಂತು, ಬಲಗೈ ಚಾಚಿ, ತಲೆ ಬಗ್ಗಿಸಿ ಆ ನೋಟು ತೆಗೆದುಕೊಂಡೆ. ಮಂಟಪದವರೆಲ್ಲ ನೋಡಿದರು. ಆ ಹಿರಿಯರ ಮೇಲೆ, ಮಾವನ ಮೇಲೆ ಬಂದ ಸಿಟ್ಟು ಒಂದು ಪಾಲಾದರೆ, ತೆಗೆದುಕೊಂಡ ನನ್ನ ಮೇಲೆ ಬಂದದ್ದು ಹತ್ತು ಪಾಲು. ಬರುವಾಗ ವ್ಯಾನಿನಲ್ಲಿ ಮಾವ, ಆ ಕವೆಗೋಲಿನ ಆಸೆ ಬಿಡು ಲೇ, ನೋಡಿದಿಯಲ್ಲ ಮಂದೀನ, ಅಂದ.

ಮರುದಿನ ಬೆಳಿಗ್ಗೆ ಗಾರ್ಮೆಂಟಿಗೆ ರಜೆ ಹೇಳಿ ನೇರ ಬ್ರೂಸ್‌ಪೇಟೆಗೆ ಹೋದೆ. ಹದಿನೈದು ದಿನದ ಯೋಚನೆ ಒಂದು ನೋಟಿನಿಂದ ಮುಗಿದಿತ್ತು. ಅಂಗಡಿಯವನು ಆಗಷ್ಟೇ ಬಾಗಿಲೆತ್ತಿ ಊದುಬತ್ತಿ ಹಚ್ಚುತ್ತಿದ್ದ. ಕವಲಿನ ಗಿಟಾರು ಕಟ್ಟಿಕೊಡು ಎಂದು ಹೇಳಿ ಪರ್ಸಿನಿಂದ ದುಡ್ಡು ತೆಗೆದು ಚಾಚಿದೆ. ಯಾವ ಕೈ ಎಂದು ನಾನು ನೋಡಿರಲಿಲ್ಲ. ಅವನು ನೋಡಿದ.

“ಅಕ್ಕಾ, ಬಲಗೈಲಿ ಕೊಡ್ರಿ. ಬೋಣಿ ಐತಿ.”

ಪಾಪ, ಮೆಲ್ಲಗೇ ಹೇಳಿದ. ದಿನದ ಮೊದಲ ವ್ಯಾಪಾರ, ಅವನ ನಂಬಿಕೆ ಅವನಿಗೆ. ಬೇರೆ ದಿನವಾಗಿದ್ದರೆ ಕೈ ಬದಲಿಸಿ ಕೊಟ್ಟುಬಿಡುತ್ತಿದ್ದೆ, ಜನ್ಮವೆಲ್ಲ ಅದನ್ನೇ ಮಾಡಿದವಳು ನಾನು. ಅವತ್ತು ಆಗಲಿಲ್ಲ. ಎಡಗೈಯವರಿಗೆ ಆಗಿಬರುವ ಒಂದೇ ಒಂದು ಗಿಟಾರು ಅಂಗಡಿಯಲ್ಲಿ ತೂಗುಹಾಕಿಕೊಂಡು, ಅದಕ್ಕೆ ದುಡ್ಡು ಮಾತ್ರ ಬಲಗೈಯಲ್ಲಿ ಕೊಡಬೇಕೇ? ಬಾಯಿಗೆ ಬಂದದ್ದೆಲ್ಲ ಅಂದೆ. ದುಡ್ಡು ಪರ್ಸಿಗೆ ತುರುಕಿಕೊಂಡು ಹೊರಗೆ ಬಂದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಕುರುಗೋಡಿನ ಬಸ್ಸು ಹತ್ತಿದೆ. ಇದೆಲ್ಲ ಯಾರಿಂದ ಶುರುವಾಯಿತೋ ಅವನನ್ನೇ ಕೇಳಬೇಕಾಗಿತ್ತು.

ಅಪ್ಪ ನನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ. ಬಾ, ಚಾ ಕುಡಿ ಅಂದ. ಚಾ ಗೀ ಬೇಡ ಎಂದು ನಿಂತುಕೊಂಡೇ ಎಲ್ಲ ಹೇಳಿದೆ, ಸಿರುಗುಪ್ಪದ್ದು, ಬೋಣಿಯದ್ದು. ಕೊನೆಗೆ ಕೇಳಿದೆ, ದೇವರನ್ನೇ ಹೊರಗೆ ಹಾಕಿದವನು ನನ್ನ ಕೈ ಯಾಕೆ ಕಟ್ಟಿದೆ ಎಂದು. ಓಣಿಯವರು ಬಾಗಿಲಿಗೆ ಬಂದು ನಿಂತರು, ನಿಲ್ಲಲಿ ಅಂದುಕೊಂಡೆ. ಅಪ್ಪ ಪೇಪರು ಮಡಿಸಿ ಪಕ್ಕಕ್ಕಿಟ್ಟ.

“ಅವಾಗ ನಮ್ಮ ಕೇರಿಯವರು ಬಲಗೈಲಿ ಕೊಟ್ಟ ನೀರನ್ನೂ ಕುಡೀತಿದ್ದಿಲ್ಲ ತಂಗಿ, ಮಂದಿ. ಅಂಥಾದ್ರಾಗ ನೀ ಎಡಗೈಲಿ ಕೊಟ್ರ ಏನಂತಿದ್ರು? ಇವರಿಗೆ ರೀತಿ ರಿವಾಜು ಗೊತ್ತಿಲ್ಲ ಅಂತಿದ್ರು.”

ಹಿಂದಿನ ದಿನ ಸಿರುಗುಪ್ಪದಲ್ಲಿ ಕೇಳಿದ್ದ ಅದೇ ಮಾತು. ಸಿಟ್ಟು ಇಳಿಯಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿರಲಿಲ್ಲ. ಅವರು ಏನಂದಾರು ಎಂದು ಹೆದರಿ ನನ್ನ ಕೈ ಕಟ್ಟಿದೆಯಾ, ಅವರ ಬಾಯಿ ಬಿಟ್ಟು ನನ್ನ ಕೈ ಸಿಕ್ಕಿತಾ ನಿನಗೆ ಎಂದು ಮಾತ್ರ ಕೇಳಿದೆ. ಆ ದಿನ ನಾನು ಅಲ್ಲೇ ಉಳಿದೆ. ತಮ್ಮನ ಹೆಂಡತಿ ಬಡಿಸಿದ್ದನ್ನು ಎಡಗೈಯಲ್ಲೇ ಉಂಡೆ, ಅಪ್ಪನ ಎದುರಿಗೇ ಕೂತು. ಅವನು ತಲೆ ಎತ್ತಲಿಲ್ಲ.

ಬೆಳಿಗ್ಗೆ ಏಳುವಷ್ಟರಲ್ಲಿ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ. ನಡಿ, ಅದೇನದು ಕವೆಗೋಲು, ನಾನೂ ನೋಡ್ತೀನಿ ಅಂದ. ಬ್ರೂಸ್‌ಪೇಟೆಗೆ ಬಂದಾಗ ಅಂಗಡಿ ಮತ್ತೆ ಆಗಷ್ಟೇ ತೆರೆದಿತ್ತು. ನನ್ನನ್ನು ಕಂಡು ಅಂಗಡಿಯವನ ಮುಖ ಸಣ್ಣದಾಯಿತು. ಆದರೂ ಗಿಟಾರು ಇಳಿಸಿ ಅಪ್ಪನ ಕೈಗೆ ಕೊಟ್ಟ.

ಅಪ್ಪ ಜನ್ಮದಲ್ಲಿ ಗಿಟಾರು ಮುಟ್ಟಿದವನಲ್ಲ. ಹೇಗೆ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದೆ ಮುಂದೆ ತಿರುವಿ ನೋಡಿ, ಎದೆಗೆ ಒರಗಿಸಿಕೊಂಡು, ಬಲಗೈಯಲ್ಲಿ ಕುತ್ತಿಗೆ ಹಿಡಿದು, ಎಡಗೈಯ ಬೆರಳಿನಿಂದ ತಂತಿಯನ್ನು ಮೆಲ್ಲಗೆ ಮೀಟಿದ. ನಾನು ಹಿಡಿಯುವ ಹಾಗೆಯೇ ಹಿಡಿದಿದ್ದ.

ಯಜಮಾನರೇ, ಉಲ್ಟಾ ಹಿಡಿದೀರಿ ಅಂದ ಅಂಗಡಿಯವನು. ಅಪ್ಪ ತಟ್ಟನೆ ಕೈ ಬದಲಿಸಿದ. ಬಾಲ್ಯದಲ್ಲಿ ಅಪ್ಪ ಬಾಗಿಲಿಗೆ ಬಂದ ಸದ್ದಾದರೆ ನಾನು ಬಳಪವನ್ನು ಬಲಗೈಗೆ ದಾಟಿಸುತ್ತಿದ್ದೆನಲ್ಲ, ಅಷ್ಟೇ ಬೇಗ. ಅವನ ನಿಧಾನ ಬರವಣಿಗೆ, ಹಲ್ಲಿನ ನಡುವೆ ಕಚ್ಚಿದ ನಾಲಿಗೆ, ಎಲ್ಲ ನನಗೆ ಆಗ ತಿಳಿಯಿತು. ನೀನೂ ಏನು ಎಂದು ಕೇಳಿದೆ. ಅಪ್ಪ ನನ್ನ ಮುಖ ನೋಡಲಿಲ್ಲ.

“ನಮ್ಮವ್ವ ನನಗ ಹಗ್ಗ ಕಟ್ಟಿದ್ಲು,” ಅಂದ. “ನಾ ನಿನಗ ಅರಿವಿ ಕಟ್ಟಿದೆ. ಮೆತ್ತನ್ನ ಅರಿವಿ ಹುಡುಕಿ.”

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಗೊತ್ತಿತ್ತಲ್ಲ ಇವನಿಗೆ, ಎಷ್ಟು ನೋವಾಗುತ್ತದೆ ಎಂದು ಗೊತ್ತಿತ್ತಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ಇಬ್ಬರು ರೊಡ್ಡರು ಇದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಆ ಸಿಟ್ಟಿನಲ್ಲೇ ಅವನ ಕೈಯಿಂದ ಗಿಟಾರು ತೆಗೆದು ಪಕ್ಕಕ್ಕಿಟ್ಟು ಪರ್ಸು ತೆಗೆದೆ. ದುಡ್ಡನ್ನೆಲ್ಲ ಅಪ್ಪನ ಎಡಗೈಯೊಳಗೆ ಇಟ್ಟು, ಕೊಡು ಅಂದೆ. ಅವನ ಬಲಗೈ ಎದ್ದು ಬಂತು, ನಾನು ಅದನ್ನು ಹಿಡಿದುಕೊಂಡೆ.

ಅಪ್ಪನ ಎಡಗೈ ಗಲ್ಲೆಪೆಟ್ಟಿಗೆಯ ಕಡೆ ಚಾಚಿತು. ಅಂಗಡಿಯವನು ಹಿಂದೆ ಮುಂದೆ ನೋಡಿದ. ಯಜಮಾನರೇ, ಬೋಣಿ, ಎಂದು ಶುರುಮಾಡಿದ.

“ಗೊತ್ತೈತಿ,” ಅಂದ ಅಪ್ಪ. “ಹಿಡಿ.”

ಅವನು ತೆಗೆದುಕೊಂಡ. ದುಡ್ಡು ಗಲ್ಲೆಗೆ ಹೋದ ಮೇಲೂ ಅಪ್ಪ ಆ ಕೈಯನ್ನು ಒಳಗೆ ಎಳೆದುಕೊಳ್ಳಲಿಲ್ಲ. ನಾನು ಗಿಟಾರಿನ ಬೆಲ್ಟು ಹೆಗಲಿಗೆ ಹಾಕಿಕೊಂಡು ಅಂಗಡಿಯ ನಡುವೆಯೇ ನಿಂತೆ.