ಮರಿಗೆ ಉಸಿರು ಊದಿದ ದಿನ

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಪಾಠ ಮಾಡುವವನು. ಅತಿಥಿಗೆ ಯಾವ ಕಡೆಯಿಂದ ಬಡಿಸಬೇಕು, ನೀರಿನ ಲೋಟ ಎಲ್ಲಿಡಬೇಕು ಎಂದು ಚಿತ್ರದುರ್ಗದ ಹುಡುಗರಿಗೆ ಹೇಳಿಕೊಂಡು ನೆಮ್ಮದಿಯಾಗಿದ್ದೆ. ಆದರೆ ವಿಶ್ವವಿದ್ಯಾಲಯಗಳಿಗೆ ಈಗ ಒಂದೇ ವಿಭಾಗದ ಸಂಶೋಧನೆ ಎಂದರೆ ಅಷ್ಟಕ್ಕಷ್ಟೆ. ವಿಜ್ಞಾನ, ವೈದ್ಯಕೀಯ, ಪ್ರವಾಸೋದ್ಯಮ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಹಾಗೆ ನನ್ನ ಪಕ್ಕದ ಎಲೆಗೆ ಬಂದವರು ಸೂಕ್ಷ್ಮಜೀವಶಾಸ್ತ್ರದ ಮೇಡಂ.

ನನ್ನ ಯೋಜನೆ ಸರಳವಾಗಿತ್ತು. ಹೆದ್ದಾರಿಯಲ್ಲಿ ಹೋಗುವ ಜನ ಐಮಂಗಲದ ಹತ್ತಿರ ಕಾರು ತಿರುಗಿಸಿ ಕುರುಬರ ಹಟ್ಟಿಯೊಂದರಲ್ಲಿ ಅರ್ಧ ದಿನ ಕಳೆಯಬೇಕು. ರಾಗಿ ಮುದ್ದೆ ಉಣ್ಣಬೇಕು, ಕಂಬಳಿಯ ಮೇಲೆ ಕೂರಬೇಕು. ಬಂದವರಿಗೆ ಮೊದಲು ಆಗಷ್ಟೇ ಕರೆದ ಬೆಚ್ಚನೆಯ ನೊರೆಹಾಲು ಎಂದು ನಾನು ಬರೆದಿದ್ದನ್ನು ಮೇಡಂ ಹೊಡೆದು ಹಾಕಿದರು. "ಕಾಯಿಸದ ಹಾಲು ಕುಡಿಸಿ ಯಾರನ್ನು ಆಸ್ಪತ್ರೆಗೆ ಕಳಿಸಬೇಕು ಅಂತಿದ್ದೀರಿ?" ಎಂದರು. ನನಗೆ ಸಿಟ್ಟು ಬಂತು. ನೊರೆಹಾಲಿಲ್ಲದೆ ಅದೆಂಥ ಹಟ್ಟಿ?

ಆಮೇಲೆ ಅವರೇ ಬಿಡಿಸಿ ಹೇಳಿದರು. ಕುರಿಗಳಿಗೆ ಕಂದು ರೋಗ ಎಂಬುದೊಂದಿದೆ. ಅದು ಹತ್ತಿದ ಕುರಿ ದಿನ ತುಂಬುವ ಮೊದಲೇ ಮರಿ ಹಾಕುತ್ತದೆ. ಹಸಿ ಹಾಲಿನಿಂದ, ಈಯುವಾಗಿನ ಲೋಳೆಯಿಂದ ಮನುಷ್ಯರಿಗೂ ದಾಟುತ್ತದೆ. ಬಸುರಿಯರಿಗೆ ದಾಟಿದರೆ ಹೊಟ್ಟೆಯ ಕೂಸಿಗೇ ಸಂಚಕಾರ. ಇದನ್ನು ಹೇಳುವಾಗ ಮೇಡಂಗೆ ಐದು ತಿಂಗಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು ಅದು. ಅವರು ಕುರಿ ಕೂಡುವ ರೊಪ್ಪದೊಳಗೆ ಕಾಲಿಡಕೂಡದು, ಬೇಲಿಯ ಹೊರಗೇ ನಿಂತು ಮಾತಾಡಬೇಕು ಎಂದು ನಾವೆಲ್ಲ ಸೇರಿ ಕಟ್ಟು ಮಾಡಿದ್ದೆವು. ಅವರ ಗಂಡನಿಗೆ ಫೋನಿನಲ್ಲಿ ಮಾತು ಕೊಟ್ಟವನೂ ನಾನೇ.

ಹಟ್ಟಿಯ ಅಜ್ಜಿ ನಮ್ಮನ್ನು ಕಂಡು, "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದಳು. ಅಜ್ಜಿಯ ಮಗ ಮಂದೆ ಹೊಡೆದುಕೊಂಡು ಹೋಗಿದ್ದ. ಈಯಲು ಹತ್ತಿರವಾದ ಕುರಿಗಳಷ್ಟೇ ಮುಳ್ಳುಬೇಲಿಯ ರೊಪ್ಪದಲ್ಲಿದ್ದವು. ನಮ್ಮ ಜೊತೆ ಬಂದಿದ್ದ ಪಶು ಸಹಾಯಕ ಅವುಗಳ ರಕ್ತ ತೆಗೆದು, ಐಸ್ ಡಬ್ಬಿ ಇಡಲು ಜೀಪಿನ ಕಡೆ ಹೋದ. ಮೇಡಂ ಬೇಲಿಯ ಹೊರಗೆ ನಿಂತು ಹಟ್ಟಿಯ ಹೆಂಗಸರಿಗೆ ಪಾಠ ಮಾಡಿದರು. ಮರಿ ಹಿಡಿಯುವಾಗ ಕೈಗವಸು ಹಾಕಿಕೊಳ್ಳಿ, ಉಸಿರಾಡದ ಮರಿಯ ಮೂಗಿಗೆ ಬಾಯಿ ಹಚ್ಚಬೇಡಿ, ಒಣಹುಲ್ಲಿನಿಂದ ಉಜ್ಜಿ ಎಂದರು.

"ಅಂಗಂದ್ರೆ ಮರಿ ಸಾಯ್ಲಿ ಅಂತೀಯೇನವ್ವ?" ಎಂದಳು ಅಜ್ಜಿ.

"ಸತ್ರೂ ಬಾಯಿ ಹಚ್ಚಬ್ಯಾಡಜ್ಜಿ" ಎಂದರು ಮೇಡಂ. ತರಗತಿಯಲ್ಲಿ ಎಂದೂ ಬಾರದ ಆ ಮಾತಿನ ಧಾಟಿ ಕೇಳಿ ನಾನು ತಿರುಗಿ ನೋಡಿದೆ. ಬಿ.ದುರ್ಗದ ಕಡೆಯ ಕುರುಬರ ಮನೆಯ ಮಗಳು ಅವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮಂದೆಯಲ್ಲೇ ಮಲಗಿ ಬೆಳೆದವರು.

ಅಷ್ಟರಲ್ಲೇ ಒಂದು ಕುರಿ ಮೂಲೆ ಹಿಡಿದು ಮರಿ ಹಾಕಿತು. ರಕ್ತ ತೆಗೆಯುವಾಗ ಕುರಿ ಹಿಡಿದುಕೊಂಡಿದ್ದ ನಾನು ಇನ್ನೂ ಬೇಲಿಯೊಳಗೇ ಇದ್ದೆ. ಮರಿ ಒದ್ದೆ ಬಟ್ಟೆಯಂತೆ ನೆಲಕ್ಕೆ ಬಿತ್ತು, ಅಲುಗಲಿಲ್ಲ. "ಏನಪ್ಪ, ನೋಡ್ತಾ ನಿಂತೀಯಲ್ಲ, ಎತ್ತು!" ಎಂದು ಅಜ್ಜಿ ಮಂಡಿ ಹಿಡಿದುಕೊಂಡು ಏಳುತ್ತಾ ಕೂಗಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಗ ನನ್ನ ಪಕ್ಕದಲ್ಲಿ ಏನೋ ಸರ್ರನೆ ಹಾದು ಹೋಯಿತು. ಮೇಡಂ! ಮುಳ್ಳಿಗೆ ಸೆರಗು ಹರಿದಿತ್ತು, ಮಾಸ್ಕ್ ಕುತ್ತಿಗೆಗೆ ಇಳಿದಿತ್ತು. ಮರಿಯನ್ನು ಬರಿಗೈಯಲ್ಲಿ ಎತ್ತಿ, ಅದರ ಮೂಗಿಗೆ ಬಾಯಿ ಹಚ್ಚಿ ಲೋಳೆ ಹೀರಿ ಉಗುಳಿದರು. ಮತ್ತೆ ಬಾಯಿ ಹಚ್ಚಿ ಊದಿದರು. ಮರಿ ಸೀನಿತು.

ಹೆಂಗಸರು ಹೋ ಎಂದು ನಕ್ಕರು. "ಇವಳು ನಮ್ಮೋಳೇ ಕಣ್ರೇ!" ಎಂದು ಅಜ್ಜಿ ಮೇಡಂ ಕೆನ್ನೆ ಸವರಿ ಲಟಿಕೆ ಮುರಿದಳು. ಮೇಡಂ ಮಾತ್ರ ನಗಲಿಲ್ಲ. ತಮ್ಮ ಕೈಗಳನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಳ್ಳುತ್ತಿದ್ದರು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು, ಮುಕ್ಕಳಿಸುತ್ತಲೇ ಇದ್ದರು. ಜೀಪಿನಲ್ಲಿ ಒಂದೇ ಮಾತು ಹೇಳಿದರು: "ನಾನು ಯೋಚನೆ ಮಾಡಲೇ ಇಲ್ಲ ಸರ್."

ಪ್ರಯೋಗಾಲಯದಲ್ಲಿ ಆ ಕುರಿಯ ರಕ್ತಕ್ಕೆ ಬಣ್ಣದ ಹನಿ ಬೆರೆಸಿದಾಗ ಅದು ಒಡೆದ ಹಾಲಿನಂತೆ ಗರಣೆ ಗರಣೆಯಾಯಿತು. ಕಂದು ರೋಗ ಇತ್ತು. ಮೇಡಂ ಕುರ್ಚಿ ಎಳೆದುಕೊಂಡು ಕುಳಿತರು, ಎರಡೂ ಕೈ ಹೊಟ್ಟೆಯ ಮೇಲಿದ್ದವು. ಆಸ್ಪತ್ರೆಯಲ್ಲಿ ಅವರ ರಕ್ತವನ್ನೂ ಪರೀಕ್ಷಿಸಿದರು. ಇಷ್ಟು ಬೇಗ ಏನೂ ಹೇಳಲಾಗದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು ಎಂದರು ಡಾಕ್ಟರು. ಆ ವಾರಗಳು ಇನ್ನೂ ಮುಗಿದಿಲ್ಲ. ಅವರ ಗಂಡ ನನಗೆ ಫೋನ್ ಮಾಡುವುದನ್ನೇ ಬಿಟ್ಟಿದ್ದಾರೆ.

ಆದರೂ ಹಟ್ಟಿಗೆ ಸುದ್ದಿ ಮುಟ್ಟಿಸಲು ತಾವೇ ಬರುವುದಾಗಿ ಮೇಡಂ ಹಠ ಹಿಡಿದರು. ಹೋದ ವಾರ ಹೋದೆವು. ಆ ಕುರಿಯನ್ನು ಬೇರೆ ಕಟ್ಟಬೇಕು, ಹಾಲು ಕಾಯಿಸದೆ ಕುಡಿಯಬಾರದು ಎಂದು ಮೇಡಂ ಹೇಳಿದಾಗ ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಳು. "ಸುಮ್ಕಿರು ತಾಯಿ. ನೀನೇ ಬಾಯಿ ಹಾಕಿದ್ಯಲ್ಲ, ಏನಾಗೈತೆ ನಿಂಗೆ? ಗುಂಡುಕಲ್ಲಂಗಿದೀಯ!" ಸುತ್ತ ನಿಂತವರೂ ನಕ್ಕರು. ಇಡೀ ಹಟ್ಟಿಗೆ ಅದೇ ಸಾಕ್ಷಿಯಾಗಿಬಿಟ್ಟಿತ್ತು. ನಮ್ಮ ಪಾಠಕ್ಕಿಂತ ಆ ಒಂದು ಉಸಿರನ್ನೇ ಅವರು ನಂಬಿದ್ದರು.

ಮೇಡಂ ಅಜ್ಜಿಯ ಕೈ ಹಿಡಿದು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು. "ಇದು ಉಳಿತೈತೋ ಇಲ್ಲೋ ನನಗೇ ಗೊತ್ತಿಲ್ಲಜ್ಜಿ. ಅದನ್ನ ಹೇಳಾಕೇ ಬಂದೀನಿ" ಎಂದರು.

ಅಜ್ಜಿಯ ನಗು ನಿಂತಿತು. ಕೈಯನ್ನು ಬೆಂಕಿ ಮುಟ್ಟಿದವಳಂತೆ ಹಿಂದೆಗೆದುಕೊಂಡಳು. ಮನೆಯ ಕಡೆ ತಿರುಗಿ, "ಲೇ, ಹೊರಗ್ ಬಾರೇ" ಎಂದು ಕರೆದಳು.

ಒಳಗಿನಿಂದ ಸೊಸೆ ಬಂದಳು. ದೃಷ್ಟಿಯಾದೀತೆಂದು ಹೊರಗಿನವರ ಕಣ್ಣಿಗೆ ಬೀಳಿಸದೆ ಇಟ್ಟಿದ್ದ ಸೊಸೆ. ಅವಳಿಗೆ ಮೇಡಂಗಿಂತ ದೊಡ್ಡ ಹೊಟ್ಟೆ.

"ಹಸಿ ಹಾಲು ಕುಡಿದೀಯೇನವ್ವ?" ಮೇಡಂ ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ದಿನಾ ಕುಡಿತೀನಕ್ಕ" ಎಂದಳು ಆ ಹುಡುಗಿ. "ಅವತ್ತು ಬಾಗಿಲ ಸಂದ್ಯಾಗಿಂದ ನಿಮ್ಮನ್ನ ನೋಡಿದ್ದೆ. ಮೊದ್ಲೆಲ್ಲ ಮರಿಗೆ ಬಾಯಿ ಹಚ್ಚಾಕೆ ನಂಗೆ ಅಸಹ್ಯ ಆಗ್ತಿತ್ತು. ಮೊನ್ನೆ ಒಂದು ಮರಿ ಉಸಿರಾಡ್ಲಿಲ್ಲ. ನಾನೇ ಊದಿ ಬದುಕಿಸ್ದೆ, ನಿಮ್ಮಂಗೇ."

ಹೇಳಿ, ನಾವು ಹೊಗಳುತ್ತೇವೆಂದು ನಗುತ್ತಾ ನಿಂತಳು.