ಕರಿಕಾಲಿ ಜಗಳ ಬಿಟ್ಟ ದಿನ

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ಈಗ ನಲವತ್ತೊಂದು ವರ್ಷ. ಬಳ್ಳಾರಿ ಜಿಲ್ಲೆ ಇನ್ನೂ ಮದರಾಸಿನವರ ಕೈಯಾಗ ಇತ್ತು. ನನ್ನ ಕೆಲಸ ಕೋಳಿ ಸಾಕೋದು. ಹಂಪಿ ನೋಡಾಕ ಬರೋ ದೊರೆಗಳು ಕಮಲಾಪುರದ ಬಂಗಲೆಯಲ್ಲಿ ಇಳಿಯುತ್ತಿದ್ದರು. ಅಲ್ಲಿಗೆ ದಿನಾ ಬೆಳಿಗ್ಗೆ ಆರು ತತ್ತಿ ಕೊಡಬೇಕು. ಇದಕ್ಕೆ ನೌಕರಿ ಅಂತ ಯಾರೂ ಅನ್ನಲಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಬಂಗಲೆಯ ಬಟ್ಲರ್ ಮಸ್ತಾನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ನನ್ನ ಗಂಡ ಸಂಡೂರಿನ ಗಣಿಯಲ್ಲಿ ಕಲ್ಲು ಉರುಳಿ ಸತ್ತು ಎರಡು ವರ್ಷ ಆಗಿತ್ತು. ಮನೆಯಲ್ಲಿ ನಾನು, ನಮ್ಮತ್ತಿ ಈರವ್ವ, ಹದಿನೆಂಟು ಹೇಂಟೆ, ಒಂದು ಹುಂಜ. ಅತ್ತಿ ಮದುವೆಯಾಗಿ ಬರುವಾಗ ತವರಿನಿಂದ ಎರಡು ಹೇಂಟೆ ತಂದಿದ್ದಳು. ಇವೆಲ್ಲ ಅವುಗಳ ಸಂತತಿ. ನಮಗೆ ಹೊಲ ಇರಲಿಲ್ಲ. ಅತ್ತಿಗೆ ಮೊಣಕಾಲು ಮಡಿಚಾಕ ಬರುತ್ತಿರಲಿಲ್ಲ. ಹಿಂಡು ಹೋದರೆ ಇಬ್ಬರ ಹೊಟ್ಟೆಗೂ ನನ್ನೊಬ್ಬಳ ಕೂಲಿ, ಅಷ್ಟೆ.

ಆ ಚಳಿಗಾಲ ಬಂಗಲೆಗೆ ಜನ ಭಾಳ ಬಂದರು. ಮಸ್ತಾನ ದಿನಕ್ಕೆ ಹತ್ತು ತತ್ತಿ ಕೇಳಿದ. ಆಗದಿದ್ದರೆ ಹೊಸಪೇಟೆಯಿಂದ ತರಿಸುತ್ತೇನೆ ಅಂದ. ನನ್ನ ಹೇಂಟೆಗಳಲ್ಲಿ ಐದು ಕಾವಿಗೆ ಕೂತಿದ್ದವು, ಮೂರು ಮುದಿಯಾಗಿದ್ದವು. ಹೊಸವು ಬೇಕಾದವು. ಬತ್ತದ ಬಂಡಿ ಹತ್ತಿ ಕಂಪ್ಲಿ ಸಂತೆಗೆ ಹೋದೆ.

ಅಲ್ಲಿ ಎಮ್ಮಿಗನೂರಿನ ಒಬ್ಬ ಹೆಂಗಸು ಆರು ಹರೆಯದ ಹೇಂಟೆ ಇಟ್ಟುಕೊಂಡು ಕೂತಿದ್ದಳು. ಮೈ ತುಂಬಿದವು, ಜುಟ್ಟು ಕೆಂಪಗಿತ್ತು. ಇಂಥವನ್ನು ಯಾಕೆ ಮಾರುತ್ತೀ ಅಂತ ಕೇಳಿದೆ.

"ಮಗಳ ಬಾಣಂತನಕ್ಕ ಹೊಂಟೀನವ್ವಾ. ಮನ್ಯಾಗ ನೋಡವ್ರು ಯಾರಿಲ್ಲ."

ನಾನು ಹೇಳಿದ ಬೆಲೆಗೆ ಒಪ್ಪಿದಳು. ಕೋಳಿ ಮಾರುವವಳು ಚೌಕಾಸಿ ಮಾಡಲಿಲ್ಲ ಅಂದರೆ ಅಲ್ಲೇ ಬುಟ್ಟಿ ಇಳಿಸಿ ಬರಬೇಕಿತ್ತು. ನಾನು ಖುಷಿಯಿಂದ ಬಂಡಿ ಹತ್ತಿದೆ.

ಹಿಂಡಿಗೆ ಹೊಸ ಕೋಳಿ ಸೇರಿಸೋದು ಮನೆಗೆ ಸೊಸೆ ತಂದಷ್ಟು ಸಸಾರ ಅಲ್ಲ. ಬಯಲಲ್ಲಿ ಮೇಯುವ ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಯಾವ ಕೊಂಬೆಯ ಮೇಲೆ ಕೂಡಬೇಕು ಅನ್ನೋದು ಗಟ್ಟಿ ಇರುತ್ತದೆ. ಹೊಸದು ಬಂದರೆ ಕುಕ್ಕಿ ಕಣ್ಣು ತೆಗೆಯುತ್ತವೆ. ಅದಕ್ಕೆ ನಮ್ಮ ಕಡೆ ಒಂದು ಪದ್ಧತಿ. ಹೊಸವನ್ನು ಹಿತ್ತಲಿನ ನಡುವೆ ಮೂರು ದಿನ ದೊಡ್ಡ ಬುಟ್ಟಿ ಕೆಳಗೆ ಇಡಬೇಕು. ಬುಟ್ಟಿಯ ಸುತ್ತ ನುಚ್ಚು ಚೆಲ್ಲಬೇಕು. ಹಳೆಯವು ಹೊರಗೆ, ಹೊಸವು ಒಳಗೆ, ಒಂದೇ ನುಚ್ಚು, ಒಂದೇ ಕಲ್ಲಿನ ದೋಣಿಯ ನೀರು. ನಾಲ್ಕನೇ ದಿನ ಎಲ್ಲವಕ್ಕೂ ಒಲೆಯ ಬೂದಿ ಬಳಿದು ಬಿಡಬೇಕು, ಹಳೆಯದು ಯಾವುದು ಹೊಸದು ಯಾವುದು ಅವಕ್ಕೇ ತಿಳಿಯದ ಹಂಗ. ಎಲ್ಲ ಅತ್ತಿ ಕಲಿಸಿದ್ದು. ಒಂದೂ ಬಿಡದೆ ಮಾಡಿದೆ.

ನಮ್ಮ ಹಿಂಡಿನ ಯಜಮಾನಿ ಕರಿಕಾಲಿ. ಕಾಲು ಇದ್ದಿಲಿನಂಗ ಕಪ್ಪು, ಗುಣ ಅದಕ್ಕಿಂತ ಕಪ್ಪು. ಹುಂಜ ಕೂಡ ಅದಕ್ಕೆ ದಾರಿ ಬಿಡುತ್ತಿತ್ತು. ನಾಲ್ಕನೇ ದಿನ ಬುಟ್ಟಿ ಎತ್ತಿದೆನೋ ಇಲ್ಲವೋ, ಬೂದಿ ಗೀದಿ ನೋಡದೆ ಹೊಸದೊಂದರ ನೆತ್ತಿ ಹರಿಯಿತು. ಐದನೇ ದಿನವೂ ಅದೇ ಗಲಾಟೆ. ನಾನು ಕೋಲು ಹಿಡಿದು ಹಿತ್ತಲಲ್ಲೇ ಕೂತೆ. ಕೊಕ್ಕಿನ ಮೇಲೇ ನನ್ನ ಕಣ್ಣು.

ಆರನೇ ದಿನ ಬೆಳಿಗ್ಗೆ ಸದ್ದಿಲ್ಲ. ಬೇವಿನ ಗಿಡದ ಕೆಳಗೆ ಕರಿಕಾಲಿ ನಿಂತಿತ್ತು. ಪಕ್ಕದಲ್ಲೇ ಎರಡು ಹೊಸವು, ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು. ಮುಂದೆ ನುಚ್ಚು ಬಿದ್ದಿತ್ತು. ಯಾರೂ ಯಾರನ್ನೂ ಕುಕ್ಕುತ್ತಿರಲಿಲ್ಲ. ನನಗೆ ಎದೆ ಉಬ್ಬಿತು. ಆರು ದಿನಕ್ಕೆ ಹಿಂಡು ಕೂಡಿಸಿದವರು ಈ ಓಣಿಯಲ್ಲಿ ಯಾರದಾರ ಅಂತ ಅತ್ತಿಯನ್ನು ಕೈ ಹಿಡಿದು ಕರೆತಂದು ತೋರಿಸಿದೆ. ಅವಳು ಗೋಡೆಗೆ ಒರಗಿ ಭಾಳ ಹೊತ್ತು ನೋಡಿದಳು.

"ಕರಿಕಾಲಿ ಯಾವತ್ತರ ನುಚ್ಚು ಬಿಟ್ಟುಕೊಟ್ಟಿದ್ದು ನೋಡೀಯೇನ, ಲೇ?"

ಮುದುಕಿಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಅವತ್ತು ತತ್ತಿ ನಾಲ್ಕೇ ಸಿಕ್ಕವು. ಜಾಗ ಹೊಸದಾದರೆ ಕೋಳಿ ತತ್ತಿ ಹಿಡಿಯುತ್ತದೆ, ಅದೇ ಇರಬೇಕು ಅಂದುಕೊಂಡೆ. ಹಳೆಯವಕ್ಕೆ ಜಾಗ ಹೊಸದಲ್ಲ ಅನ್ನೋದು ಹೊಳೆಯಲಿಲ್ಲ.

ಸಂಜೆಗೆ ಹೊಸ ಹೇಂಟೆಯೊಂದು ಬಾಯಿ ತೆರೆದು ಉಸಿರು ಎಳೆಯಿತು. ಹಿಕ್ಕೆ ಹಸಿರಾಗಿತ್ತು. ಏಳನೇ ದಿನ ಮೂರು ಸತ್ತವು. ಎಂಟನೇ ದಿನ ಕರಿಕಾಲಿಯ ಕತ್ತು ಬೆನ್ನಿನ ಕಡೆ ತಿರುಚಿಕೊಂಡಿತು. ಮುಂದಕ್ಕೆ ನಡೆಯಲು ಹೋಗಿ ಹಿಂದಕ್ಕೆ ಬೀಳುತ್ತಿತ್ತು. ಬೆಳ್ಳುಳ್ಳಿ, ಅರಿಶಿನ, ಮೆಣಸು ಅರೆದು ಗುಳಿಗೆ ಮಾಡಿ ಎಲ್ಲವಕ್ಕೂ ನುಂಗಿಸಿದೆ. ಒಂದರ ಬಾಯಿಗೆ ಹಾಕಿದ ಕೈಯನ್ನೇ ಇನ್ನೊಂದರ ಬಾಯಿಗೆ ಹಾಕಿದೆ. ಔಷಧ ಅಂತ ನಾನು ಹಂಚಿದ್ದು ರೋಗವನ್ನೇ. ಹುಂಜ ಹೋಯಿತು. ಕಾವಿಗೆ ಕೂತವು ಕೂತಲ್ಲೇ ಹೋದವು, ಕೆಳಗೆ ತತ್ತಿ ಇನ್ನೂ ಬೆಚ್ಚಗಿದ್ದವು. ಹನ್ನೊಂದನೇ ದಿನಕ್ಕೆ ಇಪ್ಪತ್ತೈದರಲ್ಲಿ ಐದು ಉಳಿದವು. ಸತ್ತವನ್ನು ಕೆರೆಯ ಆಚೆ ಹೂತು ಬಂದೆ. ಕರಿಕಾಲಿಯನ್ನೂ ಅದೇ ಗುಂಡಿಗೆ ಹಾಕಿದೆ.

ಅವತ್ತು ಮಧ್ಯಾಹ್ನ ಮಸ್ತಾನ ಬಂದ. ಬಾಗಿಲಿನಿಂದ ಹಿತ್ತಲಿಗೆ ಇಣುಕಿ ಮೂಗು ಮುಚ್ಚಿಕೊಂಡ. ಬಯ್ಯಲಿಲ್ಲ. "ನಾಳಿಂದ ಬರಬ್ಯಾಡವ್ವಾ" ಅಂದ, ಹೋದ.

ವರ್ಷಗಳಾದ ಮೇಲೆ ಹೊಸಪೇಟೆಯ ದನದ ಡಾಕ್ಟರೊಬ್ಬರು ಇದಕ್ಕೆ ರಾಣಿಖೇತ್ ರೋಗ ಅಂತ ಹೆಸರು, ಬಂದ ಮೇಲೆ ಮದ್ದಿಲ್ಲ, ಬರುವ ಮೊದಲೇ ಸೂಜಿ ಹಾಕಿಸಬೇಕು ಅಂದರು. ಆಗ ನಮಗೆ ಹೆಸರೂ ಇಲ್ಲ, ಸೂಜಿಯೂ ಇಲ್ಲ. ನಾನು ಕಲಿತದ್ದು ಇಷ್ಟು. ನಮ್ಮ ಮೂರು ದಿನದ ಬುಟ್ಟಿ ಜಗಳಕ್ಕೆ ಮದ್ದು, ರೋಗಕ್ಕೆ ಅಲ್ಲ. ಹೊಸ ಕೋಳಿಯನ್ನು ಮೂರು ವಾರ ಬೇರೆಯವರ ಹಿತ್ತಲಲ್ಲಿ ಇಡಿ. ನೀರು ಬೇರೆ, ನುಚ್ಚು ಬೇರೆ. ಅವಕ್ಕೆ ಕೊನೆಗೆ ಮೇವು ಹಾಕಿ ಕೈಕಾಲು ತೊಳೆದುಕೊಂಡು ಬನ್ನಿ. ಸೇರಿಸಿದ ಮೇಲೆ ಕಚ್ಚಾಡಿದರೆ ಕಚ್ಚಾಡಲಿ. ಕಚ್ಚಾಡದಿದ್ದರೆ ಹೆದರಿ. ಇದನ್ನೆಲ್ಲ ತಿಳಿದುಕೊಂಡೂ ನಾನು ಆಮೇಲೆ ನಾಲ್ಕು ಸಲ ಹಿಂಡು ಕಟ್ಟಿದೆ, ಮೂರು ಸಲ ಇದೇ ರೋಗ ಒಯ್ದಿತು. ಅತ್ತಿಯ ತವರಿನ ತಳಿ ಮತ್ತೆ ಸಿಗಲಿಲ್ಲ.

ಮಸ್ತಾನ ಹೋದ ಸಂಜೆ ಅತ್ತಿ ಉಳಿದ ಐದನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಕಣ್ಣು ತಿಳಿಯಾಗಿದ್ದವು. ಅವಳ ಮಾತಿನಲ್ಲಿ ಅಳು ಗಿಳು ಇರಲಿಲ್ಲ.

"ಇನ್ನೆರಡು ದಿನಕ್ಕ ಇವೂ ಸಾಯ್ತಾವು. ಸಾಯೂದ್ರಾಗ ಸಂತಿಗೆ ಒಯ್ಯಿ."

"ತಗೊಂಡಾಕಿ ಮನಿ ಗತಿ?"

"ಎಮ್ಮಿಗನೂರಾಕಿ ನಿನ್ನ ಗತಿ ಕೇಳಿದ್ಳೇನು?"

ಮನೆಯಲ್ಲಿ ಜೋಳದ ಹಿಟ್ಟು ನಾಲ್ಕು ದಿನಕ್ಕಾಗುವಷ್ಟಿತ್ತು.

ಮರುದಿನ ಬೆಳಿಗ್ಗೆ ಐದಕ್ಕೂ ಮೈ ಒರೆಸಿ, ಜುಟ್ಟಿಗೆ ಎಣ್ಣೆ ಸವರಿ, ಬುಟ್ಟಿ ಹೊತ್ತು ಹೊಸಪೇಟೆ ಸಂತೆಗೆ ನಡೆದೆ. ನನ್ನದೇ ವಯಸ್ಸಿನ ಒಬ್ಬಳು ಬಂದು ಕೂತಳು. ಮನೆಯಲ್ಲಿ ಹತ್ತು ಹೇಂಟೆ ಅದಾವು, ಇನ್ನಷ್ಟು ಬೇಕು ಅಂದಳು. ಇಂಥವನ್ನು ಯಾಕೆ ಮಾರುತ್ತೀ ಅಂತ ಕೇಳಿದಳು. ತಂಗಿಯ ಬಾಣಂತನಕ್ಕೆ ಹೊರಟಿದ್ದೇನೆ ಅಂದೆ. ನನಗೆ ತಂಗಿ ಇಲ್ಲ. ಅವಳು ಹೇಳಿದ ಬೆಲೆಗೆ ಐದನ್ನೂ ಕೊಟ್ಟೆ. ಹಳೆಯವು ಕುಕ್ಕುತ್ತಾವೇನೋ ಅಂತ ಅವಳು ಚಿಂತೆ ಮಾಡಿದಳು. ಮೂರು ದಿನ ಬುಟ್ಟಿ ಕೆಳಗೆ ಇಡು, ಹೊಂದಿಕೊಳ್ಳುತ್ತಾವ ಅಂತ ಹೇಳಿ, ಖಾಲಿ ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ಎದ್ದೆ.