ಮಗಳ ಪೂಜೆ ಮುಗಿದ ದಿನ

ಹೊಟ್ಟೆಯಲ್ಲಿ ಹನಿ ನೀರಿಲ್ಲದೆ ನನ್ನ ಮಗಳು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕುಸಿದದ್ದು ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ. ಶರಣ ಬಂಧುಗಳೇ, ದಣಿದ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ತಡಮಾಡಬಾರದೆಂದು.

ನಮ್ಮದು ಶಹಾಪುರ. ಹೋದ ವರ್ಷ ಮಗಳು ಅಕ್ಷತಾಳಿಗೆ ಲಿಂಗದೀಕ್ಷೆಯಾಯಿತು. ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವ ತನಕ ನಮ್ಮ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಮೊದಮೊದಲು ಬೇಗ ಮುಗಿಸುತ್ತಿದ್ದಳು. ಶ್ರಾವಣದ ಹೊತ್ತಿಗೆ ಮಂತ್ರ ತಪ್ಪಿತೆಂದು, ವಿಭೂತಿ ನೆಟ್ಟಗೆ ಮೂಡಲಿಲ್ಲವೆಂದು, ಮತ್ತೆ ಕೈ ತೊಳೆದು ಮೊದಲಿನಿಂದ ಕೂರತೊಡಗಿದಳು. ಶಾಲೆ ತಪ್ಪಿತು, ಊಟ ತಪ್ಪಿತು. ಮನೆಯಲ್ಲಿ ಶರಣೆ ಹುಟ್ಟಿದ್ದಾಳೆಂದು ಅತ್ತೆ ಓಣಿಯವರೆದುರು ಹಿಗ್ಗಿದರು. "ಅಕಿ ಪೂಜಿ ಮುಗಿಯೋದ್ರಾಗ ಶ್ರಾವಣ ಮಾಸಾನ ಮುಗೀತದ ಬಿಡ್ರಿ," ಎಂದು ಪಕ್ಕದ ಮನೆಯಾಕೆ ನಕ್ಕಳು. ಡಿಗ್ರಿ ಓದಿದ ನಾನೂ ಅದನ್ನು ಭಕ್ತಿಯೆಂದೇ ತಿಳಿದೆ.

ಒಂದು ದಿನ ಪೂಜೆ ಸಂಜೆಯಾದರೂ ಮುಗಿಯಲಿಲ್ಲ. ಮರುದಿನವೂ ಅಷ್ಟೇ. ತುಟಿ ಒಡೆದಿತ್ತು, ಎಷ್ಟು ಬೇಡಿದರೂ ಬಾಯಿ ತೆರೆಯಲಿಲ್ಲ. ಅವಳನ್ನೆತ್ತಿಕೊಂಡು ಯಾದಗಿರಿ ಬಸ್ಸು ಹತ್ತಿದೆವು. ಭೀಮಾ ನದಿಯ ಸೇತುವೆ ಬರುವಷ್ಟರಲ್ಲಿ ಕಣ್ಣು ಮೇಲಾಯಿತು. ಕಂಡಕ್ಟರು ಬಸ್ಸನ್ನು ನೇರ ಆಸ್ಪತ್ರೆಯ ಮುಂದೆಯೇ ನಿಲ್ಲಿಸಿದರು.

ಸಲೈನ್ ಏರಿಸಿದ ಮೇಲೆ ಎಚ್ಚರವಾದಳು. ಮನೋರೋಗದ ಡಾಕ್ಟರಮ್ಮ ಅವಳೊಡನೆ ಬಹಳ ಹೊತ್ತು ಮಾತಾಡಿ, ಇದು ಗೀಳು ಕಾಯಿಲೆ ಎಂದರು. "ತಪ್ಪಾತು ಅಂತ ಎಚ್ಚರಿಸೋ ಭಾಗ ಎಲ್ಲಾರ ಮೆದುಳಿನ್ಯಾಗೂ ಇರ್ತದ್ರಿ. ಕೆಲಸ ಮುಗಿದ ಮ್ಯಾಲ ಅದು ಸುಮ್ಮನಾಗಬೇಕು. ಇಕಿದು ಸುಮ್ಮನಾಗವಲ್ದು. ಮಂತ್ರ ಸರಿ ಹೇಳೀನಿ ಅಂತ ಅಕಿಗೆ ಗೊತ್ತದ, ಖರೇ ಅನಿಸವಲ್ದು. ಹಟ ಅಲ್ಲರಿ ಇದು." ಗುಳಿಗೆ ಕೊಟ್ಟರು. ಆದರೆ ಪೂಜೆಯಾಗದೆ ಗುಳಿಗೆಯನ್ನೂ ನುಂಗಲಾರೆನೆಂದು ಮಗಳು ಗೋಡೆಗೆ ಮುಖ ತಿರುಗಿಸಿದಳು. ಕಾರಿಡಾರಿನಲ್ಲಿ ಕೂತು ಶಿವನಲ್ಲಿ ಒಂದನ್ನೇ ಬೇಡಿದೆ: ತಾನಾಗಿ ಒಂದು ಗುಟುಕು ನೀರು ಕುಡಿಯಲಿ.

ದೀಕ್ಷೆ ಕೊಟ್ಟ ನಮ್ಮ ಮಠದ ಸ್ವಾಮಿಗಳು, ನಾವೆಲ್ಲ ಅಜ್ಜಾರು ಎಂದು ಕರೆಯುವವರು, ಅಂದು ಕೊಂಕಲ್ ಕಡೆ ಹೊರಟಿದ್ದರಂತೆ. ಯಾರೋ ಸುದ್ದಿ ಹೇಳಿದ್ದಕ್ಕೆ ದಾರಿ ಬಿಟ್ಟು ಬಂದರು. ಡಾಕ್ಟರಮ್ಮ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ವಿವರಿಸಿದರು. ಅಜ್ಜಾರು ಮಂಚದ ಪಕ್ಕ ಕೂತು, ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆಗೆ ತೊಡಗಿದರು. ಮಗಳು ಹೊರಳಿ ನೋಡತೊಡಗಿದಳು. ಅವರು ಮಂತ್ರವನ್ನು ಅರ್ಧಕ್ಕೇ ಬಿಟ್ಟು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಬಾಳೆಹಣ್ಣು ಸುಲಿದು ತಿನ್ನತೊಡಗಿದರು.

"ಅಜ್ಜಾರ, ತಪ್ಪಾತಲ್ರಿ," ಎಂದಳು ಹೆದರಿ.

"ಹೌದವ್ವ, ತಪ್ಪಾತು. ಹಂಗ ಇರಲಿ ಬಿಡು."

"ಮತ್ತ ಮಾಡ್ರಿ."

"ಒಲ್ಲೆ. ಹಸಿವ್ಯಾಗ್ಯದ ನನಗ. ಈಗ ನೀ ಒಮ್ಮೆ ಮಾಡು. ತಪ್ಪಿದ್ರೂ ಹಂಗ ಬಿಟ್ಟು ನೀರು ಕುಡಿ. ಶಿವ ಏನ್ ಪರೀಕ್ಷಾ ಮಾಸ್ತರನೇನು, ಮಾರ್ಕ್ಸ್ ಕಟ್ ಮಾಡಾಕ?"

ಲಿಂಗವನ್ನು ಅಂಗೈಯಲ್ಲಿಟ್ಟು ಒಮ್ಮೆ ಮಾಡಿದಳು. ಮುಗಿಸಿ ಅಳತೊಡಗಿದಳು, ಮತ್ತೆ ಕೈ ತೊಳೆಯಲು ಎದ್ದಳು. ಅಜ್ಜಾರು ಸಮಾಧಾನವನ್ನೂ ಹೇಳಲಿಲ್ಲ, ತಡೆಯಲೂ ಇಲ್ಲ. ನೀರಿನ ಲೋಟ ಹಿಡಿದು ಕಾದರು. ಕೊನೆಗೆ ಅವಳೇ ಕೈ ತೊಳೆಯದೆ ತಿರುಗಿ ಬಂದು, ಅಳುತ್ತಲೇ ಕುಡಿದಳು.

ಅವಳಿನ್ನೂ ಪೂರಾ ಗುಣವಾಗಿಲ್ಲ. ಗುಳಿಗೆ ನಡೆದಿದೆ. ಡಾಕ್ಟರಮ್ಮನಲ್ಲಿಗೆ ಹೋಗಿಬರುವುದೂ ನಡೆದಿದೆ. ಕೆಲವು ದಿನ ಅವಳನ್ನು ಬಚ್ಚಲಿನಿಂದ ಹೊರಗೆ ತರುವಷ್ಟರಲ್ಲಿ ನನ್ನ ಕೈಕಾಲು ಸೋತುಹೋಗುತ್ತವೆ. ಆದರೂ ಈಗ ಒಂದೇ ಸಲ ಪೂಜೆ ಮಾಡಿ, ಸಮಾಧಾನವಾಗದೆಯೇ ಎದ್ದು, ರೊಟ್ಟಿಗೆ ಕೂರುತ್ತಾಳೆ. ಆ ಸಮಾಧಾನವಿಲ್ಲದ ಪೂಜೆಯನ್ನೂ ಶಿವ ಒಪ್ಪಿಕೊಂಡಿದ್ದಾನೆ. ಅವಳು ತುತ್ತು ಮುರಿಯುವುದನ್ನು ನೋಡುವಾಗ ನನಗೆ ಅದರಲ್ಲಿ ಅನುಮಾನವಿಲ್ಲ.